ಕೊಡಿಲ್ಲಿ

ನಮ್ಮ ಮನೆಯಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಕೇಳಿಬರುವ ಕನ್ನಡ ಪದ ಯಾವುದು ಎಂದು ಯಾರಾದರೂ ಹೋದ ವರ್ಷ ಕೇಳಿದ್ದರೆ ನಾನು ಎದೆಯುಬ್ಬಿಸಿ ‘ಬಂಗಾರಿ’ ಎನ್ನುತ್ತಿದ್ದೆ. ಇಲ್ಲವೇ ‘ಪುಟ್ಟಿ’ ಎನ್ನುತ್ತಿದ್ದೆ. ಸತ್ಯವನ್ನೇ ಹೇಳಿಬಿಡೋಣ ಎನ್ನಿಸಿದ್ದರೆ ‘ಕಾಫಿ’ ಎನ್ನುತ್ತಿದ್ದೆನೇನೋ. ಈ ಚಳಿಗಾಲದಲ್ಲಿ ಗೊತ್ತಾಯಿತು, ಅದು ಇವ್ಯಾವುದೂ ಅಲ್ಲ. ಅದು ‘ಕೊಡಿಲ್ಲಿ’.

ವ್ಯಾಕರಣದ ಪ್ರಕಾರ ನಿರುಪದ್ರವಿ ಪದ. ಕೊಡು, ಇಲ್ಲಿ, ಎರಡೂ ಸೇರಿ ಕೊಡಿಲ್ಲಿ, ಲೋಪಸಂಧಿ. ಸೇರುವಾಗ ಮೊದಲ ಪದದ ಕೊನೆಯ ಸ್ವರ ಲೋಪವಾಗುತ್ತದೆ ಎಂದು ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ತೋರಿಸಿದ್ದರು. ಆ ಸ್ವರದ ಜೊತೆಗೆ ಇನ್ನೂ ಏನೇನೋ ಲೋಪವಾಗಬಹುದು ಎಂಬುದು ಸಿಲಬಸ್ಸಿನಲ್ಲಿ ಇರಲಿಲ್ಲ.

ಈ ಪದವನ್ನು ಬಾಯಿ ಹೇಳುವ ಮೊದಲೇ ಕೈ ಹೇಳಿರುತ್ತದೆ. ಮಗು ಜಾಮ್ ಬಾಟಲಿಯ ಮುಚ್ಚಳದ ಜೊತೆ ಗುದ್ದಾಡುತ್ತಿರುತ್ತದೆ. ನಮ್ಮ ಕೈ ಆಗಲೇ ಚಾಚಿಯಾಗಿರುತ್ತದೆ, ಕೊಡಿಲ್ಲಿ. ಪೆನ್ಸಿಲ್ ಚೂಪು ಮಾಡುತ್ತಿರುತ್ತದೆ, ಕೊಡಿಲ್ಲಿ. ಬಾಳೆಹಣ್ಣು ಸುಲಿಯುತ್ತಿರುತ್ತದೆ, ಕೊಡಿಲ್ಲಿ. ಬಾಳೆಹಣ್ಣು ಸುಲಿಯಲು ಅದೆಂಥ ಪರಿಣತಿ ಬೇಕು, ಕೋತಿಗಳು ಎಲ್ಲಿ ತರಬೇತಿ ಪಡೆದಿವೆ ಎಂದೆಲ್ಲ ಆ ಗಳಿಗೆಯಲ್ಲಿ ಹೊಳೆಯುವುದಿಲ್ಲ. ಸಿಟ್ಟಿನಿಂದ ಹೇಳುವ ಮಾತೂ ಅಲ್ಲ ಇದು, ತುಂಬ ಪ್ರೀತಿಯಿಂದಲೇ ಹೇಳುತ್ತೇವೆ. ಅದೇ ತೊಂದರೆ. ಬೈದರೆ ಮಕ್ಕಳು ತಿರುಗಿ ಬೀಳಬಹುದು, ಪ್ರೀತಿಯಿಂದ ಕಿತ್ತುಕೊಂಡರೆ ಪಾಪ ಅವಾದರೂ ಏನು ಮಾಡಿಯಾವು?

ನಾವಿರುವುದು ಸ್ವೀಡನ್ನಿನ ವೆಸ್ಟೆರಾಸಿನಲ್ಲಿ. ನಾನು, ನನ್ನ ಹೆಂಡತಿ ಸೌಮ್ಯ, ಎರಡನೇ ಕ್ಲಾಸಿನಲ್ಲಿರುವ ಮಗಳು ಇಂಚರ. ಸೌಮ್ಯ ಬೆಂಗಳೂರಿನವಳು, ಬೆಳಗಿನ ರೈಲು ಹಿಡಿದು ಸೋಲ್ನಾದ ಆಫೀಸಿಗೆ ಹೋಗುತ್ತಾಳೆ. ನಾನು ಗದಗಿನವನು. ಇಲ್ಲೇ ಊರಿನಲ್ಲಿ, ವಿದ್ಯುತ್ ಜಾಲಕ್ಕೆ ಬೇಕಾದ ರಿಲೇಗಳನ್ನು ಮಾಡುವ ಕಡೆ ಎಂಜಿನಿಯರ್. ರಿಲೇ ಎಂದರೆ ಲೈನಿನಲ್ಲಿ ಏನಾದರೂ ಎಡವಟ್ಟಾದಾಗ ಕರೆಂಟು ಕಡಿಸಿ ಅನಾಹುತ ತಪ್ಪಿಸುವ ಉಪಕರಣ. ಅದರಲ್ಲಿ ಕಷ್ಟದ ಭಾಗ ಯಾವುದು ಗೊತ್ತೆ? ಕರೆಂಟು ಕಡಿಯುವುದನ್ನು ಕಲಿಸುವುದಲ್ಲ, ಸುಮ್ಮನಿರುವುದನ್ನು ಕಲಿಸುವುದು. ಎಲ್ಲೋ ಒಂದು ದೊಡ್ಡ ಮೋಟರು ಶುರುವಾದರೆ ಜಾಲ ಸ್ವಲ್ಪ ಹೊತ್ತು ತಿಣುಕುತ್ತದೆ, ಆಮೇಲೆ ತಾನೇ ಸರಿಹೋಗುತ್ತದೆ. ಅಷ್ಟಕ್ಕೇ ಗಾಬರಿಬಿದ್ದು ಟ್ರಿಪ್ ಆಗುವ ರಿಲೇಯನ್ನು ಯಾರೂ ಕೊಳ್ಳುವುದಿಲ್ಲ. ಇದನ್ನು ನಾನು ಆಫೀಸಿನಲ್ಲಿ ಹೊಸಬರಿಗೆ ಚಿತ್ರ ಬರೆದು ಗಂಭೀರವಾಗಿ ವಿವರಿಸುತ್ತೇನೆ. ಸಂಜೆ ಮನೆಗೆ ಬಂದು ಬಾಳೆಹಣ್ಣಿಗೆ ಟ್ರಿಪ್ ಆಗುತ್ತೇನೆ.

ಗದಗಿನವನು ಎಂದೆನಲ್ಲ, ಮಾತು ಕೇಳಿದರೆ ನಿಮಗದು ಗೊತ್ತಾಗಲಿಕ್ಕಿಲ್ಲ. ಇಲ್ಲಿಯ ಕನ್ನಡಿಗರು ಸೇರಿದ ಕಡೆಯೆಲ್ಲ ಬೆಂಗಳೂರಿನ ಕನ್ನಡವೇ ನಡೆಯುವುದು. ಮೊದಮೊದಲು ಯುಗಾದಿ ಊಟದಲ್ಲಿ ನಾನು ‘ಬರ್ರಿ, ಕೂಡ್ರಿ’ ಎಂದರೆ ಎಲ್ಲರೂ ಖುಷಿಯಿಂದ ನಕ್ಕು, ‘ಇನ್ನೊಂದ್ಸಲ ಹೇಳಿ ಸಾರ್, ಎಷ್ಟು ಕ್ಯೂಟ್!’ ಎನ್ನುತ್ತಿದ್ದರು. ಊಟಕ್ಕೆ ಕರೆದರೆ ಅದರಲ್ಲಿ ಕ್ಯೂಟ್ ಎನ್ನುವುದು ಏನಿದೆಯೋ ನನಗೆ ತಿಳಿಯಲಿಲ್ಲ. ಬರಬರುತ್ತ ‘ಬನ್ನಿ, ಕೂತ್ಕೊಳ್ಳಿ’ ಎನ್ನಲು ಕಲಿತೆ. ಈಗ ಗದಗಿನ ಭಾಷೆ ಹೊರಗೆ ಬರುವುದು ಅವ್ವನ ಜೊತೆ ಫೋನಿನಲ್ಲಿ ಮಾತ್ರ. ಆಗ ಇಂಚರ ಬಾಗಿಲ ಸಂದಿಯಲ್ಲಿ ನಿಂತು, ಅಪ್ಪನೊಳಗಿಂದ ಇನ್ಯಾರೋ ಮಾತಾಡುತ್ತಿದ್ದಾರೆ ಎಂಬಂತೆ ನೋಡುತ್ತಾಳೆ.

ನನ್ನ ‘ಕೊಡಿಲ್ಲಿ’ಗೆ ಈ ದೇಶದಲ್ಲಿ ಒಂದು ಎದುರಾಳಿ ಪದವಿದೆ: ‘ಶೆಲ್ವ್’. ಸ್ವತಃ, ತಾನೇ, ನಾನೇ ಎಂದು ಅರ್ಥ. ಇಲ್ಲಿಯ ಮಕ್ಕಳು ಅಮ್ಮ ಅಪ್ಪ ಎನ್ನಲು ಕಲಿತ ಬೆನ್ನಿಗೇ ಈ ಪದ ಕಲಿಯುತ್ತಾರೆ. ಇಂಚರ ಇನ್ನೂ ದಾಗಿಸ್‌ಗೆ, ಅಂದರೆ ಇಲ್ಲಿಯ ಶಿಶುವಿಹಾರಕ್ಕೆ ಹೋಗುತ್ತಿದ್ದಾಗ ಒಂದು ದಿನ ಬೇಗ ಕರೆದುಕೊಂಡು ಬರಲು ಹೋಗಿದ್ದೆ. ಹೊರಗೆ ಹಿಮ. ಒಳಗೆ ನಡುಮನೆಯ ನೆಲದ ತುಂಬ ಪುಟಾಣಿಗಳು ಉರುಳಾಡುತ್ತ, ಉಸಿರು ಬಿಡುತ್ತ, ತಲೆಯಿಂದ ಕಾಲಿನವರೆಗೆ ಒಂದೇ ಆದ ಆ ದಪ್ಪ ಓವರಾಲಿನೊಳಗೆ ಇಳಿಯುತ್ತಿದ್ದವು. ಒಂದು ಮಗು ಎರಡೂ ಕಾಲನ್ನು ಒಂದೇ ತೂತಿಗೆ ಹಾಕಿಕೊಂಡು ಮತ್ಸ್ಯಕನ್ಯೆಯಾಗಿತ್ತು. ಟೀಚರು ಏನು ಮಾಡುತ್ತಿದ್ದರು ಎನ್ನುತ್ತೀರಿ? ಗೋಡೆಗೊರಗಿದ ಬೆಂಚಿನ ಮೇಲೆ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತಿದ್ದರು! ನಾನು ಬಗ್ಗಿ ಮಗಳ ಜಿಪ್ಪಿಗೆ ಕೈ ಹಾಕಿದೆ. ಟೀಚರು ನಗುನಗುತ್ತಲೇ, ‘ನಮಗೇನೂ ಅವಸರವಿಲ್ಲ’ ಎಂದರು. ನಮಗೇನೂ ಅವಸರವಿಲ್ಲ! ಹೊಟ್ಟೆಪಾಡಿಗೆ ಬಂದ ಯಾವ ಭಾರತೀಯನಿಗೆ ಈ ವಾಕ್ಯದ ಅರ್ಥ ಒಂದೇ ಸಲಕ್ಕೆ ಆದೀತು?

ನಮ್ಮ ತೊಂದರೆಗೆ ಭಾಷೆಯ ಕುಮ್ಮಕ್ಕೂ ಇದೆ ಎಂದು ನನ್ನ ಅನುಮಾನ. ಕನ್ನಡದಲ್ಲಿ ಯಾವ ಕೆಲಸದ ಬಾಲಕ್ಕಾದರೂ ಒಂದು ‘ಇಸು’ ಅಂಟಿಸಿದರೆ ಸಾಕು, ಅದು ಮಕ್ಕಳ ಕೈಯಿಂದ ಜಾರಿ ದೊಡ್ಡವರ ಕೈಗೆ ಬಂದುಬಿಡುತ್ತದೆ. ಮಗು ಉಂಡಿತು ಎಂದು ಯಾರೂ ಹೇಳುವುದಿಲ್ಲ, ಉಣಿಸಿದೆವು ಎನ್ನುತ್ತೇವೆ. ಮಲಗಿಸಿದೆವು, ಆಡಿಸಿದೆವು, ಓದಿಸಿದೆವು, ಬರೆಸಿದೆವು. ಬೆಂಗಳೂರಿನಲ್ಲಿ ನನ್ನ ನಾದಿನಿಯೊಬ್ಬಳು ಮದುವೆಗೆ ಯಾಕೆ ಬರಲಿಲ್ಲ ಎಂದು ಕೇಳಿದರೆ, ‘ಈ ಸಲ ನಮಗೆ ಎಸ್ಸೆಸ್ಸೆಲ್ಸಿ ಅಲ್ವಾ ಭಾವ’ ಎಂದಳು. ನಮಗೆ! ಆ ಪರೀಕ್ಷೆಯಲ್ಲಿ ಮಗನ ಪಾತ್ರ ಹಾಲ್ ಟಿಕೆಟಿಗೆ ಫೋಟೋ ಕೊಡುವುದಷ್ಟೇ ಎಂದು ಕಾಣುತ್ತದೆ. ಮನೆಗೆ ಬಂದ ನೆಂಟರು ಮಗುವಿನ ಗಲ್ಲ ಹಿಡಿದು, ‘ಏನು ಪುಟ್ಟಾ ನಿನ್ನ ಹೆಸರು?’ ಎನ್ನುತ್ತಾರೆ; ಮಗು ಬಾಯಿ ತೆರೆಯುವಷ್ಟರಲ್ಲಿ ನಾವು ಹೆಸರು, ಕ್ಲಾಸು, ಯಾವ ಹಾಡು ಬರುತ್ತದೆ ಎಂಬುದನ್ನೂ ಹೇಳಿ ಮುಗಿಸಿರುತ್ತೇವೆ. ಕೊನೆಗೆ, ‘ಇವಳಿಗೆ ಮಾತೇ ಕಮ್ಮಿ’ ಎಂದು ದೂರು ಬೇರೆ ಹೇಳುತ್ತೇವೆ.

ಆದರೆ ಕಿತ್ತುಕೊಳ್ಳುವುದು ನಮ್ಮದೇ ಪೇಟೆಂಟ್ ಎಂದೂ ತಿಳಿಯಬೇಡಿ. ಇಲ್ಲಿಯವರು ಅದನ್ನು ಬೇರೆ ರೀತಿಯಲ್ಲಿ ಮಾಡುತ್ತಾರೆ. ನಾನು ಸಂಜೆ ತರಗತಿಗೆ ಹೋಗಿ ಸ್ವೀಡಿಷ್ ಕಲಿತು, ಅಂಗಡಿಗೆ ಹೋಗುವ ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಉರುಹೊಡೆದುಕೊಂಡು, ಕೌಂಟರಿನ ಮುಂದೆ ನಿಂತು ಮೊದಲ ಎರಡು ಪದ ಉದುರಿಸುವುದೇ ತಡ, ಆ ಕಡೆಯಿಂದ ನಗುಮುಖದ ಸೊಗಸಾದ ಇಂಗ್ಲಿಷ್ ಬರುತ್ತದೆ. ಒಮ್ಮೆ ಇಂಚರಳ ಸ್ಕೇಟಿಂಗ್ ಶೂಗಳ ಅಲಗು ಮೊಂಡಾಗಿತ್ತು. ಸಾಣೆ ಹಿಡಿಸಲು ಹೋದೆ. ಹರಿತ ಎಂಬುದಕ್ಕೆ ಸ್ವೀಡಿಷಿನಲ್ಲಿ ‘ವಸ್’. ನಮಗೋ ಕ್ಲಾಸು, ಪಾಸು, ಗ್ಲಾಸು ಎಂದು ಎಳೆದೇ ಅಭ್ಯಾಸ. ನಾನು ಠೀವಿಯಿಂದ ‘ವಾಸ್’ ಎಂದೆ. ‘ವಾಸ್’ ಎಂದರೆ ಹೂದಾನಿ. ಅಂದರೆ ಈ ಬೂಟುಗಳನ್ನು ಹೂದಾನಿ ಮಾಡಿಕೊಡಿ ಎಂದು ನಾನು ಕೇಳಿದ್ದೆ. ಅಂಗಡಿಯ ಹೆಂಗಸು ನಗಲಿಲ್ಲ, ಬಹಳ ಮರ್ಯಾದಸ್ಥೆ. ಇಂಗ್ಲಿಷಿಗೆ ತಿರುಗಿದಳು, ಅಷ್ಟೆ. ಕೆಲಸ ಆಯಿತು. ಆದರೆ ಉರುಹೊಡೆದುಕೊಂಡು ಹೋಗಿದ್ದ ನನ್ನ ಉಳಿದ ವಾಕ್ಯ ಹಾಗೇ ಬಾಯಲ್ಲಿ ಉಳಿದು, ದಾರಿಯುದ್ದಕ್ಕೂ ಒಂಥರಾ ಬೇಜಾರು. ಹ್ರಸ್ವ ದೀರ್ಘಗಳನ್ನು ತಾಯಿಯ ಹಾಲಿನ ಜೊತೆ ಕುಡಿದ ಕನ್ನಡಿಗ ನಾನು, ಹೋಗಿ ಹೋಗಿ ದೀರ್ಘದಲ್ಲಿ ಜಾರಿದೆನಲ್ಲ ಎಂಬುದು ಬೇರೆ.

ಇನ್ನು ಈ ಚಳಿಗಾಲದ ವಿಷಯಕ್ಕೆ ಬರುತ್ತೇನೆ. ಇಲ್ಲಿಯ ಶಾಲೆಯಲ್ಲಿ ವರ್ಷಕ್ಕೆರಡು ಸಲ ‘ಉಟ್ವೆಕ್ಲಿಂಗ್ಸ್‌ಸಾಮ್ತಾಲ್’ ಎಂಬುದೊಂದು ನಡೆಯುತ್ತದೆ. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಮಗು ಒಂದಿಷ್ಟು ಬೆಳೆದಿರುತ್ತದೆ. ಅರ್ಥವೂ ‘ಬೆಳವಣಿಗೆಯ ಮಾತುಕತೆ’ ಎಂದೇ. ನಮ್ಮ ಕಡೆಯ ಪೇರೆಂಟ್ಸ್ ಮೀಟಿಂಗ್ ಇದ್ದ ಹಾಗೆ, ಒಂದೇ ವ್ಯತ್ಯಾಸ: ಅದನ್ನು ನಡೆಸಿಕೊಡುವುದು ಮಗು. ಟೀಚರು ಮತ್ತು ಅಪ್ಪ ಅಮ್ಮ ಶ್ರೋತೃಗಳು. ತನಗೆ ಏನು ಬರುತ್ತದೆ, ಏನು ಬರುವುದಿಲ್ಲ, ಮುಂದೆ ಏನನ್ನು ಕಲಿಯಬೇಕೆಂದಿದ್ದೇನೆ ಎಂದು ಮಗುವೇ ಹೇಳಬೇಕು. ಇಂಚರಳ ಟೀಚರ ಹೆಸರು ಉಲ್ರಿಕಾ. ಇಲ್ಲಿ ಟೀಚರನ್ನು ಬರೀ ಹೆಸರು ಹಿಡಿದು ಕರೆಯುತ್ತಾರೆ. ನನ್ನ ನಾಲಿಗೆ ಅದಕ್ಕೆ ಇವತ್ತಿಗೂ ಒಪ್ಪಿಲ್ಲವಾದ್ದರಿಂದ ‘ಉಲ್ರಿಕಾ ಮೇಡಂ’ ಎನ್ನುತ್ತೇನೆ. ಮೇಡಂ ಎನ್ನುವುದು ಅವರ ಅಡ್ಡಹೆಸರು ಎಂದು ನಾನು ತಿಳಿದಿದ್ದೇನೆ ಅಂತ ಅವರು ತಿಳಿದಿದ್ದಾರೆ.

ಹೋದ ಸಲದ ಸಾಮ್ತಾಲ್‌ನಲ್ಲಿ ಇಂಚರ ಬಾಯಿ ಬಿಟ್ಟಿರಲಿಲ್ಲ. ಬಿಡಲು ಜಾಗವೂ ಇರಲಿಲ್ಲ, ನಾನಿದ್ದೆನಲ್ಲ. ಉಲ್ರಿಕಾ ಮೇಡಂ ಅವಳನ್ನು ಕೇಳಿದ ಪ್ರಶ್ನೆಗಳಿಗೆಲ್ಲ ನಾನು ಇಂಗ್ಲಿಷಿನಲ್ಲಿ ಸವಿಸ್ತಾರವಾಗಿ ಉತ್ತರಿಸಿ, ಕೊನೆಗೆ ‘ಥ್ಯಾಂಕ್ಯೂ, ತುಂಬ ಚೆನ್ನಾಗಾಯ್ತು’ ಎಂದು ವಂದನಾರ್ಪಣೆಯನ್ನೂ ಮಾಡಿ ಬಂದಿದ್ದೆ. ಈ ಸಲ ದಿನ ಹತ್ತಿರ ಬಂದಾಗ ಒಂದು ಸಂಜೆ ಊಟಕ್ಕೆ ಕೂತಿದ್ದೆವು. ಇಂಚರ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು:

‘ಸಾಮ್ತಾಲ್‌ಗೆ ಅಮ್ಮ ಮಾತ್ರ ಬರ್ಲಿ.’

‘ಯಾಕೆ ಪುಟ್ಟಿ? ನಾನು ಲೀವ್ ಹಾಕಿದೀನಲ್ಲ?’

ಅದಕ್ಕೆ ಸ್ವೀಡಿಷಿನಲ್ಲಿ ಉತ್ತರ ಬಂತು. ಮನಸ್ಸಿನ ಮಾತು ಹೇಳಬೇಕಾದಾಗ ಅವಳು ಆ ಭಾಷೆಗೇ ಹೋಗುವುದು. ‘ನೀನು ಮಾತಾಡ್ತೀಯಲ್ಲ’ ಎಂದಳು. ಅದರಲ್ಲಿ ದೂರಿರಲಿಲ್ಲ, ಸಿಟ್ಟಿರಲಿಲ್ಲ. ಹೊರಗೆ ಮಂಜು ಬೀಳ್ತಿದೆಯಲ್ಲ ಎನ್ನುವಾಗಿನ ಧಾಟಿ.

ನನಗೆ ನೋವಾಯಿತು ಎಂದು ಹೇಳಿಬಿಡುತ್ತೇನೆ. ಪಾತ್ರೆ ತೊಳೆಯುವಾಗ ಸೌಮ್ಯ ಪಕ್ಕದಲ್ಲಿ ಬಂದು ನಿಂತಳು. ‘ಏನು, ಮುಖ ಸಣ್ಣ ಮಾಡ್ಕೊಂಡ್ಬಿಟ್ಟೆ?’

‘ನನ್ನ ಮಗಳ ಮೀಟಿಂಗಿಗೆ ನಾನೇ ಬೇಡ್ವಂತೆ.’

‘ಅವಳ ಮೀಟಿಂಗಿಗೆ’ ಎಂದಳು ಸೌಮ್ಯ. ಅವಳು ಯಾವಾಗಲೂ ಹೀಗೆ, ಇಡೀ ಭಾಷಣವನ್ನು ಎರಡು ಪದದಲ್ಲಿ ಮಾಡಿ ಮುಗಿಸುತ್ತಾಳೆ. ಆಮೇಲೆ ಹಾಲಿಗೆ ಹೋಗಿ ಮಗಳ ಜೊತೆ ರಾಜಿ ಕುದುರಿಸಿದಳು. ಅಪ್ಪ ಬರಬಹುದು. ಆದರೆ ಒಂದು ಷರತ್ತು, ಅದನ್ನು ಹಾಕಿದವಳು ಇಂಚರಳೇ: ಅಪ್ಪ ತನ್ನ ಸ್ಕೂಲಿನಲ್ಲಿ ಕೂರುತ್ತಿದ್ದ ಹಾಗೆ ಕೂರಬೇಕು. ಕೈ ಕಟ್ಟಿ, ಬಾಯಿ ಮೇಲೆ ಬೆರಳು.

ಈ ಭಂಗಿ ನಿಮಗೆ ವಿವರಿಸಬೇಕಿಲ್ಲ. ಎಡಗೈ ಎದೆಗೆ ಅಡ್ಡ, ಬಲಗೈಯ ತೋರುಬೆರಳು ತುಟಿಯ ಮೇಲೆ. ನಮ್ಮ ಕಾಲದ ಪ್ರಾಥಮಿಕ ಶಿಕ್ಷಣದ ಬಹುಭಾಗ ಈ ಭಂಗಿಯಲ್ಲೇ ನಡೆಯಿತು. ಇನ್ಸ್‌ಪೆಕ್ಟರ್ ಬಂದರೂ ಅದೇ, ಮೇಷ್ಟ್ರು ಟೀ ಕುಡಿಯಲು ಹೋದರೂ ಅದೇ. ಇದನ್ನು ನಾನು ಮಗಳಿಗೆ ಕಥೆಯಾಗಿ ಹೇಳಿದಾಗ ಅವಳು ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಿದ್ದಳು. ಇಡೀ ಕ್ಲಾಸು ಬಾಯಿ ಮೇಲೆ ಬೆರಳಿಟ್ಟುಕೊಂಡರೆ ಪ್ರಶ್ನೆ ಕೇಳುವವರು ಯಾರು ಎಂದು ಕೇಳಿದ್ದಳು. ಮೇಷ್ಟ್ರು ಎಂದಿದ್ದೆ. ಉತ್ತರ ಹೇಳುವವರು? ಅವರೂ ಮೇಷ್ಟ್ರೇ. ಅವರು ಯಾಕೆ ತಮಗೆ ತಾವೇ ಮಾತಾಡಿಕೊಳ್ಳುತ್ತಿದ್ದರು ಎಂದು ಅವಳಿಗೆ ಪಾಪ ಅನ್ನಿಸಿತ್ತು.

ಸಾಮ್ತಾಲ್ ದಿನ ನಾವು ಸ್ವಲ್ಪ ಮೊದಲೇ ಹೋದೆವು. ಕ್ಲಾಸಿನ ಹೊರಗಿನ ಕಾರಿಡಾರಿನಲ್ಲಿ ಕಾಯುತ್ತ ನಿಂತಿದ್ದಾಗ, ಇಂಚರಳ ಗೆಳತಿ ಟೂವಾ ನೆಲದ ಮೇಲೆ ಕೂತು ಜಾಕೆಟಿನ ಜಿಪ್ಪಿನ ಜೊತೆ ಜಗಳವಾಡುತ್ತಿದ್ದಳು. ಬಟ್ಟೆ ಜಿಪ್ಪಿನೊಳಗೆ ಸಿಕ್ಕಿಕೊಂಡಿತ್ತು. ಬಿಳಿ ಜಡೆ, ಕೆಂಪಾದ ಮುಖ. ಕೊನೆಗೆ ತಲೆ ಹಿಂದಕ್ಕೆ ಮಾಡಿ ಗಟ್ಟಿಯಾಗಿ ಕೂಗಿದಳು:

‘ಕೂಡಿಲ್ಲಿ! ಉಲ್ರಿಕಾ, ಕೂಡಿಲ್ಲಿ!’

ನಾನು ಸೌಮ್ಯಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಉತ್ತರ ಧ್ರುವದ ಪಕ್ಕದಲ್ಲಿ, ಬಿಳಿ ಜಡೆಯ ಒಂದು ಮಗು ಅಚ್ಚ ಗದಗಿನ ಕನ್ನಡದಲ್ಲಿ ಟೀಚರನ್ನು ಕರೆಯುತ್ತಿತ್ತು. ಕೂಡು, ಇಲ್ಲಿ. ಇಲ್ಲಿ ಬಂದು ಕೂತುಕೋ ಎಂದು. ಉಲ್ರಿಕಾ ಮೇಡಂ ಬಂದರು. ಬಂದು ನಿಜವಾಗಿಯೂ ಟೂವಾಳ ಪಕ್ಕ ನೆಲದ ಮೇಲೆ ಕೂತರು! ಜಿಪ್ಪು ಮುಟ್ಟಲಿಲ್ಲ. ಎಲ್ಲಿ ಸಿಕ್ಕಿಕೊಂಡಿದೆ ನೋಡೋಣ ಎಂದರು. ಟೂವಾ ಬಗ್ಗಿ ನೋಡಿದಳು, ಬಟ್ಟೆಯನ್ನು ಒಂದು ಕಡೆ ಜಗ್ಗಿದಳು, ಇನ್ನೊಂದು ಕಡೆ ಜಗ್ಗಿದಳು. ಝರ್ ಎಂದು ಜಿಪ್ಪು ಮೇಲೆ ಬಂತು. ಅವಳು ಥ್ಯಾಂಕ್ಸ್ ಕೂಡ ಹೇಳದೆ ಓಡಿಹೋದಳು.

ಉಲ್ರಿಕಾ ಮೇಡಂ ಮಂಡಿ ಹಿಡಿದುಕೊಂಡು ಏಳುತ್ತ, ನಾವು ಬೆರಗಾಗಿದ್ದನ್ನು ನೋಡಿ ಸಂತೋಷದಿಂದ ವಿವರಿಸಿದರು. ಕ್ಲಾಸಿನಲ್ಲಿ ಮಕ್ಕಳ ಮನೆಗಳಲ್ಲಿ ಬೇರೆ ಬೇರೆ ಭಾಷೆಗಳಿವೆಯಲ್ಲ, ಎಲ್ಲರೂ ತಂತಮ್ಮ ಭಾಷೆಯಲ್ಲಿ ‘ಸಹಾಯ’ಕ್ಕೆ ಏನು ಹೇಳುತ್ತಾರೆ ಎಂದು ಗೋಡೆಯ ಮೇಲೆ ಬರೆದಿದ್ದಾರೆ. ಫಿನ್ನಿಷ್ ಇದೆ, ಅರಬ್ಬಿ ಇದೆ, ಸೊಮಾಲಿ ಇದೆ. ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗಿರುವುದು ಕನ್ನಡದ್ದು. ಅದರೊಳಗೆ ‘ಡಿಲ್’ ಬೇರೆ ಇದೆ, ಅಂದರೆ ಸ್ವೀಡಿಷಿನಲ್ಲಿ ಸಬ್ಬಸಿಗೆ ಸೊಪ್ಪು.

ಗೋಡೆ ನೋಡಿದೆ. ಇಂಚರಳ ದುಂಡು ಕೈಬರಹದಲ್ಲಿ, ಸ್ವೀಡಿಷ್ ಅಕ್ಷರಗಳಲ್ಲಿ, ಕೊಡಿಲ್ಲಿ. ಇಲ್ಲಿಯವರು ‘ಒ’ ಅಕ್ಷರವನ್ನು ಎಷ್ಟೋ ಕಡೆ ‘ಊ’ ಎಂದೇ ಓದುತ್ತಾರೆ. ಅವರ ಬಾಯಲ್ಲಿ ಅದು ಕೂಡಿಲ್ಲಿ ಆಗಿತ್ತು.

ಅಂದರೆ ನನ್ನ ಮಗಳು ಹುಟ್ಟಿದಾಗಿನಿಂದ, ಅಪ್ಪ ಸಹಾಯಕ್ಕೆ ಬಂದಾಗಲೆಲ್ಲ ಹೇಳುವ ಪದ ಯಾವುದೋ ಅದೇ ಕನ್ನಡದಲ್ಲಿ ಸಹಾಯ ಇರಬೇಕೆಂದು ತಿಳಿದಿದ್ದಳು. ಅವಳದೇನು ತಪ್ಪು? ಸಹಾಯ ಎಂಬ ಪದ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಅದು ಇರುವುದು ಸಹಾಯವಾಣಿಯಲ್ಲಿ, ಸಹಾಯಧನದಲ್ಲಿ. ನಗಬೇಕೆಂದುಕೊಂಡೆ. ನಗು ಅರ್ಧಕ್ಕೇ ನಿಂತಿತು.

ಒಳಗೆ ಚಿಕ್ಕ ಕುರ್ಚಿಗಳ ಮೇಲೆ ಮಂಡಿ ಗಲ್ಲಕ್ಕೆ ತಾಗುವಂತೆ ಕೂತೆವು. ನಾನು ಎಡಗೈ ಎದೆಗೆ ಅಡ್ಡ ತಂದು, ಬೆರಳನ್ನು ತುಟಿಗೆ ಒತ್ತಿ ಹಿಡಿದೆ. ಉಲ್ರಿಕಾ ಮೇಡಂಗೆ ಹಲ್ಲುನೋವೇನೋ ಎನ್ನಿಸಿರಬೇಕು, ಕನಿಕರದಿಂದ ನೋಡಿದರು. ಇಂಚರ ಶುರು ಮಾಡಿದಳು. ದನಿ ಮೊದಲು ಬಹಳ ಸಣ್ಣದಿತ್ತು. ತಾನು ಬರೆದ ಮೊಲದ ಕಥೆ ತೋರಿಸಿದಳು, ಅದರಲ್ಲಿ ಮೊಲ ಬಸ್ಸು ತಪ್ಪಿಸಿಕೊಳ್ಳುತ್ತದೆ. ಓದುವುದು ಇಷ್ಟ ಎಂದಳು. ಈಜಿನಲ್ಲಿ ನೀರಿನೊಳಗೆ ಕಣ್ಣು ಬಿಡುತ್ತೇನೆ ಎಂದಳು. ನನಗೆ ಅದು ಗೊತ್ತೇ ಇರಲಿಲ್ಲ!

ಆಮೇಲೆ ಉಲ್ರಿಕಾ ಮೇಡಂ, ‘ಯಾವುದು ಕಷ್ಟ ಅನ್ನಿಸುತ್ತೆ?’ ಎಂದು ಕೇಳಿದರು.

ಇಂಚರ ಸುಮ್ಮನಾದಳು. ಮೇಡಂ ಕೂಡ ಸುಮ್ಮನಾದರು. ಸ್ವೀಡಿಷ್ ಜನ ಮೌನದಲ್ಲಿ ಆರಾಮಾಗಿ ಕಾಲು ಚಾಚಿಕೊಂಡು ಕೂರಬಲ್ಲರು. ನಮ್ಮ ಕಡೆ ಇಷ್ಟು ಹೊತ್ತು ಯಾರೂ ಮಾತಾಡದಿದ್ದರೆ ಯಾರಿಗೋ ಏನೋ ಆಗಿದೆ ಎಂದು ನೀರು ಚಿಮುಕಿಸುತ್ತಾರೆ. ಉತ್ತರ ನನಗೆ ಗೊತ್ತಿತ್ತು: ಕಳೆಯುವ ಲೆಕ್ಕ. ನಾಲಿಗೆಯ ತುದಿಗೆ ಬಂದು ಕುಣಿಯುತ್ತಿತ್ತು. ಬೆರಳನ್ನು ಇನ್ನೂ ಒತ್ತಿ ಹಿಡಿದೆ. ಸೌಮ್ಯ ಮೇಜಿನ ಕೆಳಗೆ ನನ್ನ ಕಾಲನ್ನು ಮೆಟ್ಟಿದಳು. ಅನಾವಶ್ಯಕವಾಗಿ, ನಾನು ಏನೂ ಮಾಡಿರಲಿಲ್ಲ.

‘ಸಹಾಯ ಕೇಳೋದು’ ಎಂದಳು ಇಂಚರ.

ಕಳೆಯುವ ಲೆಕ್ಕವಲ್ಲ. ನಾನು ಮಾತಾಡಿದ್ದರೆ ನಮಗೆಲ್ಲ ತಪ್ಪು ಉತ್ತರ ಸಿಕ್ಕಿ, ಅದೇ ಸರಿ ಎಂದುಕೊಂಡು ಮನೆಗೆ ಹೋಗಿರುತ್ತಿದ್ದೆವು. ಮೇಡಂ ಮತ್ತೂ ಕಾದರು. ಇಂಚರ ಮೊಲದ ಕಿವಿಯನ್ನು ಉಗುರಿನಿಂದ ಕೆರೆಯುತ್ತ ಹೇಳಿದಳು: ‘ಸಹಾಯ ಕೇಳಿದ್ರೆ, ಆಮೇಲೆ ಅದು ನಂದಾಗಿರಲ್ಲ.’

ನನ್ನ ಬೆರಳು ತುಟಿಯ ಮೇಲೇ ಇತ್ತು. ಗೊತ್ತಿಲ್ಲದ ಲೆಕ್ಕವನ್ನು ಮುಚ್ಚಿಟ್ಟುಕೊಂಡು ಕೂತಿರುತ್ತಿದ್ದ ಮಗು, ಕೇಳಿದರೆ ಪೆನ್ಸಿಲ್ಲೇ ಹೋಗುತ್ತದೆ ಎಂದು ಹೆದರಿತ್ತು. ಉಲ್ರಿಕಾ ಮೇಡಂ ಅವಳ ಕಡೆ ವಾಲಿ, ‘ಟೂವಾಳ ಜಿಪ್ಪು ಯಾರದಾಗಿತ್ತು?’ ಎಂದರು. ಇಂಚರ ಯೋಚಿಸಿದಳು. ‘ಟೂವಾದೇ’ ಎಂದಳು. ‘ಹಾಗಾದರೆ ನಾವಿದನ್ನು ಪ್ರಾಕ್ಟೀಸ್ ಮಾಡೋಣವೇ?’ ಇಂಚರ ತಲೆಯಾಡಿಸಿದಳು. ಮುಂದಿನ ಸಾಮ್ತಾಲ್‌ವರೆಗೆ ಅವಳ ಗುರಿ ಅದೇ ಎಂದು ಅವಳೇ ಹೇಳಿ, ಸಭೆ ಮುಗಿಸುವ ಗತ್ತಿನಲ್ಲಿ ಬೆನ್ನು ನೆಟ್ಟಗೆ ಮಾಡಿದಳು.

ಏಳುವಾಗ ಮೇಡಂ ನನ್ನ ಕಡೆ ತಿರುಗಿದರು. ‘ಆ ಪದ, ಕೂಡಿಲ್ಲಿ. ನಾವು ಸರಿಯಾಗಿ ಹೇಳುತ್ತಿದ್ದೇವೆಯೇ?’

ನಾನು ಬೆರಳು ತೆಗೆಯದೆ ಮಗಳನ್ನು ನೋಡಿದೆ. ಅವಳು ಹೂಂ, ಹೇಳು ಎಂದು ಗದ್ದ ಅಲ್ಲಾಡಿಸಿದಳು. ತಿದ್ದುವ ಅವಕಾಶ ಸಿಕ್ಕಿದಾಗ ಬಿಟ್ಟವನಲ್ಲ ನಾನು. ಕನ್ನಡದ ಹ್ರಸ್ವ ದೀರ್ಘಗಳ ಬಗ್ಗೆ ಒಂದು ಪುಟ್ಟ ಉಪನ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಭೆ ಎಲ್ಲಿ ಸಿಗಬೇಕು? ಆದರೆ ಬಾಯಿಂದ ಬಂದ ಮಾತು ಬೇರೆ, ಅದೂ ಸ್ವೀಡಿಷಿನಲ್ಲಿ, ತಡವರಿಸುತ್ತ: ‘ನೀವು ಹೇಳೋದೇ ಸರಿ. ನಮ್ಮ ಮನೆಯಲ್ಲೇ ಉಚ್ಚಾರ ಸ್ವಲ್ಪ ತಪ್ಪು.’ ಮೇಡಂ ಇಂಗ್ಲಿಷಿಗೆ ತಿರುಗದೆ ಕಡೆಯವರೆಗೂ ಕಾದು ಕೇಳಿಸಿಕೊಂಡರು.

ಮನೆಗೆ ನಡೆಯುವಾಗ ಇಂಚರಳಿಗೆ ಕೊಡು, ಕೂಡು ಎರಡನ್ನೂ ಬಿಡಿಸಿ ಹೇಳಿದೆ. ಅಜ್ಜಿಯ ಮಾತು ಅದು ಎಂದೆ. ಗದಗಿನ ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವಾಗ ನಾನು ಹಿಟ್ಟಿಗಾಗಿ ಗೋಗರೆದರೆ ‘ಬಾ, ಕೂಡಿಲ್ಲೆ’ ಎಂದು ಪಕ್ಕಕ್ಕೆ ಕೂರಿಸಿಕೊಂಡು ಒಂದು ಉಂಡೆ ಕೊಡುತ್ತಿದ್ದಳು. ನಾನು ಬಡಿದದ್ದು ಹರಿದು ಹೋಗುತ್ತಿತ್ತು. ಅವ್ವ ಅದನ್ನು ಹಾಗೇ ಬೇಯಿಸಿ ನನ್ನ ತಟ್ಟೆಗೇ ಹಾಕುತ್ತಿದ್ದಳು. ಅದರ ರುಚಿ ನನಗಿನ್ನೂ ನೆನಪಿದೆ. ಕಥೆ ಕೇಳಿ ಇಂಚರ, ‘ಹಾಗಾದ್ರೆ ಅಜ್ಜಿಗೆ ಸ್ವೀಡಿಷ್ ಬರುತ್ತೆ’ ಎಂದಳು.

ಇದೆಲ್ಲ ಆದಮೇಲೆ ನಾನು ಪೂರ್ತಿ ಸುಧಾರಿಸಿದ್ದೇನೆ ಎಂದು ನಂಬಬೇಡಿ. ಮೊನ್ನೆಯೂ ಒಂದು ಕಿತ್ತಳೆ ಹಣ್ಣಿಗೆ ಟ್ರಿಪ್ ಆದೆ. ಆದರೆ ಹೋದ ಭಾನುವಾರ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಮೇಲಾರೆನ್ ಸರೋವರದ ನಮ್ಮ ಊರಿನ ಕಡೆಯ ಅಂಚು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಬಿಸಿಲಿತ್ತು. ಸೌಮ್ಯ ಆಗಲೇ ಇಳಿದು ದೂರದಲ್ಲಿ ಸ್ಕೇಟ್ ಮೇಲೆ ತೇಲುತ್ತಿದ್ದಳು. ನನ್ನ ಜೀವಮಾನದಲ್ಲಿ ಮೊದಲ ಸಲ ಮಂಜುಗಡ್ಡೆಯ ಮೇಲೆ ನಿಲ್ಲಲು ಒಪ್ಪಿಕೊಂಡು ನಾನು ದಡದ ಬೆಂಚಿನ ಮೇಲೆ ಕೂತು ಸ್ಕೇಟಿಂಗ್ ಶೂಗಳ ಲೇಸು ಕಟ್ಟುತ್ತಿದ್ದೆ. ಆ ಲೇಸಿಗೆ ಕೊನೆಯೇ ಇಲ್ಲ, ಕೊಕ್ಕೆಗಳಿಗೆ ಲೆಕ್ಕವಿಲ್ಲ, ಬೆರಳುಗಳು ಚಳಿಗೆ ಮರಗಟ್ಟಿದ್ದವು. ಕಟ್ಟಿದ್ದು ಬಿಚ್ಚಿಹೋಯಿತು. ಮತ್ತೆ ಕಟ್ಟಿದೆ, ಮತ್ತೆ ಬಿಚ್ಚಿಹೋಯಿತು. ಇಂಚರ ನನ್ನ ಮುಂದೆ ಸ್ಕೇಟ್ ಹಾಕಿಕೊಂಡೇ ನಿಂತು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈ ಮುಂದೆ ಬಂತು. ಅವಳ ಮುಖದಲ್ಲಿ ಎಂಥ ಪ್ರೀತಿ, ಎಂಥ ಕನಿಕರ!

‘ಅಪ್ಪ, ಕೊಡಿಲ್ಲಿ’ ಎಂದಳು.

ಆ ಪದ ಕೇಳಿಸಿಕೊಳ್ಳುವ ಕಡೆ ಕೂತರೆ ಹೇಗಿರುತ್ತದೆ ಎಂದು ನನಗೆ ತಿಳಿದದ್ದು ಆಗ. ಕಾಲು ಚಾಚಿದ್ದರೆ ಮುಗಿಯುತ್ತಿತ್ತು, ಅವಳು ಚಕಚಕನೆ ಕಟ್ಟಿಬಿಡುತ್ತಿದ್ದಳು. ನಾನು ಕಾಲನ್ನು ಹಿಂದಕ್ಕೆ ಎಳೆದುಕೊಂಡೆ.

‘ಕೊಡಂಗಿಲ್ಲ’ ಎಂದೆ, ಅವ್ವನ ಜೊತೆ ಮಾತಾಡುವ ಕನ್ನಡದಲ್ಲಿ. ‘ಕೂಡಿಲ್ಲಿ.’

ಬೆಂಚಿನ ಮೇಲಿನ ಹಿಮ ಒರೆಸಿ ಜಾಗ ಮಾಡಿದೆ. ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, ಕಿಸಕ್ಕೆಂದು ನಕ್ಕು ಪಕ್ಕದಲ್ಲಿ ಬಂದು ಕೂತಳು. ಎಡಗೈ ಎದೆಗೆ ಅಡ್ಡ ತಂದಳು. ಕೈಗವಸಿನಲ್ಲಿ ಬೆರಳುಗಳು ಬೇರೆ ಬೇರೆ ಇರಲಿಲ್ಲವಾದ್ದರಿಂದ ಇಡೀ ಕೈಗವಸನ್ನೇ ಬಾಯಿ ಮೇಲೆ ಇಟ್ಟುಕೊಂಡಳು. ನಮಗೇನೂ ಅವಸರವಿರಲಿಲ್ಲ. ತುಂಬ ಹೊತ್ತಾದ ಮೇಲೆ ಗಂಟು ಬಿತ್ತು. ಒಂದು ಕಿವಿ ದೊಡ್ಡದು, ಒಂದು ಕಿವಿ ಸಣ್ಣದು, ನೋಡಲು ಸೊಟ್ಟಗಿತ್ತು. ಆದರೆ ನನ್ನದಾಗಿತ್ತು.